ಡ್ರೇಕ್ ದರ್ಬಾರು ಮುಗಿಯಿತೇ?

2024ರ ಜೂನ್ 19ರ ರಾತ್ರಿ ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿರುವ ಫೋರಂ ಎಂಬ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಕರಿಯರ ಗುಲಾಮಗಿರಿ ಕೊನೆಗೊಂಡದ್ದನ್ನು ನೆನೆಯುವ ರಜಾದಿನ ಅದು. ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪರ್ ಕಾರ್ಯಕ್ರಮದ ಕೊನೆಗೆ ಒಂದು ಹಾಡು ಹೇಳಿದ. ಮುಗಿದ ಮೇಲೆ ಅದನ್ನೇ ಮತ್ತೆ ಮೊದಲಿನಿಂದ ಎತ್ತಿಕೊಂಡ. ಹೀಗೆ ಒಟ್ಟು ಐದು ಸಲ. ಪ್ರತಿ ಸಲವೂ ಜನ ಅವನಿಗಿಂತ ಜೋರಾಗಿ ಹಾಡಿದರು. ಹಾಡಿನ ಹೆಸರು ‘ನಾಟ್ ಲೈಕ್ ಅಸ್’. ಅದು ಪ್ರೇಮಗೀತೆಯಲ್ಲ, ನಾಡಗೀತೆಯೂ ಅಲ್ಲ. ಅಲ್ಲಿ ಇಲ್ಲದ ಒಬ್ಬ ಮನುಷ್ಯನನ್ನು ಬಯ್ಯುವ ಹಾಡು. ಆ ಮನುಷ್ಯ ಕೆನಡಾದ ಟೊರಾಂಟೊ ನಗರದ ಡ್ರೇಕ್. ಅಲ್ಲಿಗೆ ಸುಮಾರು ಹದಿನೈದು ವರ್ಷಗಳಿಂದ ರ‍್ಯಾಪ್ ಲೋಕದ ದೊಡ್ಡ ಗಾದಿಯ ಮೇಲೆ ಕೂತಿದ್ದವನು.

ನಮ್ಮ ಬಳಗದಲ್ಲಿ ರ‍್ಯಾಪ್ ಕೇಳುವವರೂ ಇದ್ದಾರೆ, ಅದು ಬರೀ ಗದ್ದಲ ಎಂದು ಕಿವಿ ಮುಚ್ಚಿಕೊಳ್ಳುವವರೂ ಇದ್ದಾರೆ. ಆದರೆ ಈ ಜಗಳ ಶುರುವಾದಾಗಿನಿಂದ ಎರಡೂ ಗುಂಪಿನವರು ಒಂದೇ ಪ್ರಶ್ನೆ ಕೇಳುತ್ತಿದ್ದೇವೆ. ಡ್ರೇಕ್ ಕತೆ ಮುಗಿಯಿತೇ? ಒಬ್ಬರು ‘ಅವನ ಮಾನ ಹೋಯಿತು, ಇನ್ನೇನಿದೆ’ ಎನ್ನುತ್ತಾರೆ. ಇನ್ನೊಬ್ಬರು ಮೊಬೈಲ್ ತೆಗೆದು, ಇವತ್ತಿಗೂ ಅವನ ಹಾಡು ಕೇಳುತ್ತಿರುವವರ ಸಂಖ್ಯೆ ತೋರಿಸಿ ಬಾಯಿ ಮುಚ್ಚಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎರಡು ನಿಜಗಳು ಹೀಗೆ ಎದುರುಬದುರಾಗಿ ನಿಂತಾಗ ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದು. ರ‍್ಯಾಪ್‌ನಲ್ಲಿ ದೊರೆಗಳು ಹೇಗೆ ಹುಟ್ಟಿದರು, ಹೇಗೆ ಗಾದಿಯಿಂದ ಇಳಿದರು ಎಂಬುದನ್ನು ತಿಳಿದರೆ ಡ್ರೇಕ್‌ನ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕೀತು.

ಚಪ್ಪಾಳೆಯೇ ತೀರ್ಪಾಗಿದ್ದ ಕಾಲ

ಹಿಪ್‌ಹಾಪ್ ಹುಟ್ಟಿದ ದಿನ ಎಂದು ಎಲ್ಲರೂ ಹೇಳುವುದು 1973ರ ಆಗಸ್ಟ್ 11. ನ್ಯೂಯಾರ್ಕ್‌ನ ಬ್ರಾಂಕ್ಸ್ ಬಡಾವಣೆಯ ಸೆಜ್ವಿಕ್ ಅವೆನ್ಯೂ, ಮನೆ ಸಂಖ್ಯೆ 1520. ಜಮೈಕಾದಿಂದ ವಲಸೆ ಬಂದಿದ್ದ ಕುಟುಂಬದ ಹುಡುಗಿ ಸಿಂಡಿ ಕ್ಯಾಂಪ್‌ಬೆಲ್, ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕೆಂದು ಒಂದು ಪಾರ್ಟಿ ಏರ್ಪಡಿಸಿದಳು. ಅಣ್ಣ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್, ರೆಕಾರ್ಡ್ ಹಾಕಿದ. ಹಾಡಿನಲ್ಲಿ ಜನ ಕುಣಿಯಲು ಕಾಯುತ್ತಿದ್ದ ತಾಳದ ತುಣುಕನ್ನಷ್ಟೇ ಹಿಡಿದು ಅದನ್ನು ಉದ್ದಕ್ಕೆ ಎಳೆಯುವುದು ಅವನ ಉಪಾಯ. ಆ ತಾಳದ ಮೇಲೆ ಮೈಕ್ ಹಿಡಿದು ಮಾತು ಪೋಣಿಸುತ್ತಾ ಹೋದವರೇ ಮುಂದೆ ರ‍್ಯಾಪರ್‌ಗಳಾದರು.

ಮಾತು ಇದ್ದಲ್ಲಿ ಪೈಪೋಟಿ ಇದ್ದೇ ಇರುತ್ತದೆ. 1981ರ ಡಿಸೆಂಬರ್‌ನಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ನಡೆದ ಒಂದು ಮುಖಾಮುಖಿಯನ್ನು ಹಳೆಯ ತಲೆಗಳು ಇವತ್ತಿಗೂ ನೆನೆಯುತ್ತವೆ. ಒಂದು ಕಡೆ ಬಿಜಿ ಬೀ. ಜನರನ್ನು ನಗಿಸುವುದು, ಕೂಗಿಸುವುದು, ತನ್ನ ಜೊತೆ ಹಾಡಿಸುವುದು ಅವನ ಶಕ್ತಿ. ಇನ್ನೊಂದು ಕಡೆ ಕೂಲ್ ಮೋ ಡೀ. ಪದಕ್ಕೆ ಪದ ಹೆಣೆಯುವವನು. ಬಿಜಿ ಬೀಯ ಸರದಿ ಮುಗಿದ ಮೇಲೆ ಕೂಲ್ ಮೋ ಡೀ ವೇದಿಕೆ ಹತ್ತಿ, ಅವನ ಜನಪ್ರಿಯತೆಯನ್ನೇ ಹಿಡಿದು ಜಾಡಿಸಿದ. ಜನರನ್ನು ಕೂಗಿಸುವುದೇ ಒಂದು ವಿದ್ಯೆಯೇ ಎಂಬುದು ಅವನ ಪ್ರಶ್ನೆಯಾಗಿತ್ತು. ಆ ರಾತ್ರಿಯ ಧ್ವನಿಮುದ್ರಣ ಕ್ಯಾಸೆಟ್‌ಗಳಲ್ಲಿ ಕೈಯಿಂದ ಕೈಗೆ ಊರೆಲ್ಲ ಸುತ್ತಿತು.

ನಮ್ಮ ಉತ್ತರ ಕರ್ನಾಟಕದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರದೇಶಿ, ನಾಗೇಶಿ ಮೇಳಗಳು ಎದುರುಬದುರು ನಿಂತು ಗೀಗೀ ಪದದಲ್ಲಿ ಸವಾಲು ಜವಾಬು ನಡೆಸುವುದನ್ನು ಜಾತ್ರೆಯಲ್ಲಿ ಬೆಳಗಾಗುವವರೆಗೆ ಕೂತು ಕೇಳಿದವರಿಗೆ ಆ ಹಾರ್ಲೆಮ್ ರಾತ್ರಿಯ ಬಿಸಿ ಗೊತ್ತಾಗುತ್ತದೆ. ಎರಡಕ್ಕೂ ನೇರ ನಂಟಿಲ್ಲ. ಆದರೆ ಎರಡೂ ಕಡೆ ತೀರ್ಪು ಕೊಡುವವರು ಎದುರಿಗೆ ಕೂತ ಜನ.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಸೋತ ಬಿಜಿ ಬೀ ಮನೆಗೆ ಹೋಗಿ ಕೂರಲಿಲ್ಲ. ಎರಡು ವರ್ಷದೊಳಗೆ ಬಂದ ‘ವೈಲ್ಡ್ ಸ್ಟೈಲ್’ ಎಂಬ ಹಿಪ್‌ಹಾಪ್ ಚಿತ್ರದಲ್ಲಿ ಅವನು ಇದ್ದಾನೆ. ಅಂದು ಅವನು ಕಳೆದುಕೊಂಡದ್ದು ಅನ್ನವನ್ನಲ್ಲ, ಹಿರಿತನವನ್ನು. ಇವೆರಡೂ ಬೇರೆಬೇರೆ ಎಂಬುದು ಶುರುವಿನಲ್ಲೇ ಕಾಣುತ್ತದೆ.

ಲೆಕ್ಕ ಬಂತು, ದೊರೆಗಳು ಬದಲಾದರು

1980ರ ದಶಕದಲ್ಲಿ ರ‍್ಯಾಪ್ ಕ್ಲಬ್ಬಿನಿಂದ ರೆಕಾರ್ಡಿಗೆ, ರೆಕಾರ್ಡಿನಿಂದ ಟೀವಿಗೆ ಬಂತು. ರನ್-ಡಿಎಂಸಿ ತಂಡದ 1986ರ ‘ರೈಸಿಂಗ್ ಹೆಲ್’ ಹತ್ತಾರು ಲಕ್ಷ ಪ್ರತಿ ಮಾರಾಟವಾಯಿತು. 1990ರಲ್ಲಿ ಎಂಸಿ ಹ್ಯಾಮರ್‌ನ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 21 ವಾರ ಮೊದಲ ಸ್ಥಾನದಲ್ಲಿ ಕೂತಿತು. ಅಲ್ಲಿಯವರೆಗೆ ಯಾವ ರ‍್ಯಾಪರ್ ಕೂಡ ಕಾಣದ ವೈಭವ ಅದು. ಪೆಪ್ಸಿ ಜಾಹೀರಾತು, ಅವನ ರೂಪದ ಗೊಂಬೆ, ಮಕ್ಕಳಿಗಾಗಿ ಕಾರ್ಟೂನ್ ಧಾರಾವಾಹಿ, ಎಲ್ಲವೂ ಬಂದವು. ಆರು ವರ್ಷದ ನಂತರ, 1996ರಲ್ಲಿ, ಅದೇ ಹ್ಯಾಮರ್ ದಿವಾಳಿ ಅರ್ಜಿ ಹಾಕಿದ.

ಹ್ಯಾಮರ್‌ನನ್ನು ಯಾರೂ ಅಖಾಡಕ್ಕೆ ಎಳೆದು ಮಣ್ಣು ಮುಕ್ಕಿಸಲಿಲ್ಲ. ಅವನ ದುಂದು ಒಂದು ಕಾರಣ, ಅಭಿರುಚಿ ಬದಲಾದದ್ದು ಇನ್ನೊಂದು. ಮೂರನೆಯದು ಅಷ್ಟಾಗಿ ಕಣ್ಣಿಗೆ ಬೀಳದ ಸಂಗತಿ. ಅದು ಲೆಕ್ಕ ಹಾಕುವ ವಿಧಾನ ಬದಲಾದದ್ದು. ಅಲ್ಲಿಯವರೆಗೆ ಬಿಲ್‌ಬೋರ್ಡ್ ಪತ್ರಿಕೆಯವರು ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ಕೇಳಿ ಪಟ್ಟಿ ಮಾಡುತ್ತಿದ್ದರು. ಅಂಗಡಿಯವನು ತನಗೆ ತೋಚಿದ್ದನ್ನು ಹೇಳುತ್ತಿದ್ದ. 1991ರ ಮೇ ತಿಂಗಳಲ್ಲಿ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂತು. ಗಲ್ಲಾದ ಮುಂದೆ ಬಾರ್‌ಕೋಡ್ ಓದಿಸಿದ ಪ್ರತಿಯೊಂದು ಮಾರಾಟವೂ ನೇರ ಲೆಕ್ಕಕ್ಕೆ ಸೇರತೊಡಗಿತು. ಕೆಲವೇ ವಾರಗಳಲ್ಲಿ ರೇಡಿಯೋದವರು ಮುಟ್ಟಲೂ ಹೆದರುತ್ತಿದ್ದ ಎನ್.ಡಬ್ಲ್ಯು.ಎ. ತಂಡದ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು. ಕೇಳುಗರು ಹೊಸದಾಗಿ ಆಕಾಶದಿಂದ ಉದುರಲಿಲ್ಲ. ಮೊದಲೂ ಇದ್ದರು, ಅವರನ್ನು ಎಣಿಸುವವರು ಇರಲಿಲ್ಲ ಅಷ್ಟೇ. ಎಣಿಕೆ ಬದಲಾದೊಡನೆ ಒರಟು ದನಿಯ, ಬೀದಿಯ ಕತೆ ಹೇಳುವ ಗ್ಯಾಂಗ್‌ಸ್ಟಾ ರ‍್ಯಾಪ್ ಎಷ್ಟು ದೊಡ್ಡದು ಎಂಬುದು ಕಂಪನಿಗಳಿಗೆ ಕಂಡಿತು. ಅದಾದ ಮೇಲೆ ಹ್ಯಾಮರ್‌ನ ಅಗಲ ಪೈಜಾಮ ನಗೆಪಾಟಲಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಪೈಪೋಟಿ ಹಾಡಿನ ಗಡಿ ದಾಟಿದ ಕರಾಳ ದಿನಗಳೂ ಆಗಲೇ ಬಂದವು. 1996ರ ಸೆಪ್ಟೆಂಬರ್‌ನಲ್ಲಿ ಟುಪಾಕ್ ಶಕುರ್, 1997ರ ಮಾರ್ಚ್‌ನಲ್ಲಿ ನಟೋರಿಯಸ್ ಬಿ.ಐ.ಜಿ., ಇಬ್ಬರೂ ಗುಂಡೇಟಿಗೆ ಬಲಿಯಾದರು. ಒಬ್ಬನಿಗೆ 25 ವರ್ಷ, ಇನ್ನೊಬ್ಬನಿಗೆ 24. ಅಂದಿನಿಂದ ಹಿಪ್‌ಹಾಪ್ ಜಗಳವೆಂದರೆ ಅದನ್ನು ಸವಿಯುವವರ ಮನಸ್ಸಿನ ಮೂಲೆಯಲ್ಲಿ ಒಂದು ಭಯ ಉಳಿದೇ ಇದೆ.

2001ರಲ್ಲಿ ಜೇ-ಜೀ ಮತ್ತು ನಾಸ್ ಕಾದಾಡಿದರು. ‘ಟೇಕೋವರ್’ ಹಾಡಿಗೆ ನಾಸ್ ‘ಈಥರ್’ ಹಾಡಿನಿಂದ ಉತ್ತರ ಕೊಟ್ಟ. ಗೆದ್ದವನು ನಾಸ್ ಎಂದೇ ಬಹಳ ಜನರ ತೀರ್ಪು. ಆದರೆ ಸೋತ ಜೇ-ಜೀ ಮುಂದೆ ಡೆಫ್ ಜ್ಯಾಮ್ ಎಂಬ ದೊಡ್ಡ ರೆಕಾರ್ಡ್ ಕಂಪನಿಯ ಅಧ್ಯಕ್ಷನಾದ. 2005ರಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ಕೈ ಕುಲುಕಿದರು, ಮರುವರ್ಷ ನಾಸ್ ಅದೇ ಕಂಪನಿಗೆ ಸಹಿ ಹಾಕಿದ. ಒಂದು ಸೋಲಿನಿಂದ ದೊರೆತನ ಮುಳುಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

50 ಸೆಂಟ್ ಕಟ್ಟಿದ ಪಣ

ಹಾಗಾದರೆ ಮುಳುಗುವುದು ಯಾವಾಗ? ಅದಕ್ಕೆ ಒಳ್ಳೆಯ ಉದಾಹರಣೆ ನ್ಯೂಯಾರ್ಕ್‌ನ ಕ್ವೀನ್ಸ್ ಬಡಾವಣೆಯ 50 ಸೆಂಟ್. 2000ದಲ್ಲಿ ಒಂಬತ್ತು ಗುಂಡು ತಿಂದು ಬದುಕಿದವನು. 2003ರಲ್ಲಿ ಬಂದ ಅವನ ಮೊದಲ ದೊಡ್ಡ ಆಲ್ಬಂ ‘ಗೆಟ್ ರಿಚ್ ಆರ್ ಡೈ ಟ್ರೈಯಿಂಗ್’ ಮೊದಲ ವಾರವೇ 8,72,000 ಪ್ರತಿ ಮಾರಾಟವಾಯಿತು. ಎರಡು ವರ್ಷದ ನಂತರದ ‘ದಿ ಮ್ಯಾಸಕರ್’ ಮೊದಲ ವಾರ 11 ಲಕ್ಷ ದಾಟಿತು. ಆಗ ಅವನಿಗೆ ಸೆಡ್ಡು ಹೊಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಎದುರು ನಿಂತ ಜಾ ರೂಲ್‌ನಂಥವರು ಮೂಲೆ ಸೇರಿದ್ದರು.

2007ರ ಸೆಪ್ಟೆಂಬರ್ 11ರಂದು ಅವನ ‘ಕರ್ಟಿಸ್’ ಆಲ್ಬಮ್ಮೂ ಕಾನ್ಯೆ ವೆಸ್ಟ್‌ನ ‘ಗ್ರ್ಯಾಜುಯೇಷನ್’ ಆಲ್ಬಮ್ಮೂ ಒಂದೇ ದಿನ ಬಂದವು. ಕಾನ್ಯೆ ತನಗಿಂತ ಹೆಚ್ಚು ಮಾರಿದರೆ ಇನ್ನು ಸ್ವಂತ ಆಲ್ಬಂ ಮಾಡುವುದಿಲ್ಲ ಎಂದು 50 ಸೆಂಟ್ ಪಣ ಕಟ್ಟಿದ್ದ. ವಾರ ಮುಗಿದಾಗ ಕಾನ್ಯೆ ಸುಮಾರು 9,57,000, ಅವನು 6,91,000. ಪಣವನ್ನು ಅವನು ಪಾಲಿಸಲಿಲ್ಲ, ಆಲ್ಬಂ ಮಾಡುತ್ತಲೇ ಹೋದ. ಆದರೆ ಗಾದಿ ಮತ್ತೆ ಸಿಗಲಿಲ್ಲ.

ಒಂದು ಕ್ಷಣ ಆ ಸಂಖ್ಯೆಯನ್ನೇ ನೋಡೋಣ. ಒಂದು ವಾರದಲ್ಲಿ ಸುಮಾರು ಏಳು ಲಕ್ಷ ಪ್ರತಿ ಮಾರುವವನು ಭಿಕ್ಷುಕನಲ್ಲ. ಸಂಖ್ಯೆಯಲ್ಲಿ ಅವನು ಇನ್ನೂ ಶ್ರೀಮಂತನೇ. ಹಾಗಿದ್ದರೂ ಅಂದೇ ಅವನ ಆಳ್ವಿಕೆ ಮುಗಿಯಿತು ಎಂದು ಇತಿಹಾಸ ಬರೆದುಕೊಂಡಿದೆ. ಯಾಕೆ? ಅವನ ದೊರೆತನ ನಿಂತಿದ್ದದ್ದು ‘ನನ್ನನ್ನು ಸೋಲಿಸಲು ಆಗುವುದಿಲ್ಲ’ ಎಂಬ ಒಂದೇ ಕಂಬದ ಮೇಲೆ. ಆ ಕಂಬ ಬಿತ್ತು. ಇನ್ನೊಂದು ಕಾರಣ, ಅವನು ಬೆಳೆದ ನೆಲವೇ ಸವೆಯುತ್ತಿತ್ತು. ಸಿ.ಡಿ. ಕೊಳ್ಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಗುಂಡು, ರಕ್ತ, ಸೇಡಿನ ಮಾತಿನ ಬದಲು ಕಾನ್ಯೆಯಂಥವರ ಅಳುಕು, ಅಹಂಕಾರ, ಎಲೆಕ್ಟ್ರಾನಿಕ್ ಸಂಗೀತದ ಮಿಶ್ರಣಕ್ಕೆ ಕೇಳುಗರು ತೆರೆದುಕೊಂಡಿದ್ದರು. 50 ಸೆಂಟ್ ಮುಂದೆ ‘ಪವರ್’ ಎಂಬ ಟೀವಿ ಧಾರಾವಾಹಿಯ ನಿರ್ಮಾಪಕನಾಗಿ ಬೇರೆಯದೇ ಸಾಮ್ರಾಜ್ಯ ಕಟ್ಟಿದ. ಅವನು ಬಿಟ್ಟುಹೋದ ಖಾಲಿ ಜಾಗದಲ್ಲಿ ಬಂದು ಕೂತವನೇ ಡ್ರೇಕ್.

ಟೊರಾಂಟೊದ ಹುಡುಗ

ಆಬ್ರಿ ಡ್ರೇಕ್ ಗ್ರಹಾಂ ಹುಟ್ಟಿದ್ದು 1986ರಲ್ಲಿ. ತಂದೆ ಅಮೆರಿಕದ ಮೆಂಫಿಸ್ ನಗರದ ಕರಿಯ ಡ್ರಮ್ ವಾದಕ, ತಾಯಿ ಕೆನಡಾದ ಯಹೂದಿ. ಹುಡುಗ ಜನರ ಕಣ್ಣಿಗೆ ಮೊದಲು ಬಿದ್ದದ್ದು ರ‍್ಯಾಪರ್ ಆಗಿ ಅಲ್ಲ. ‘ಡಿಗ್ರಾಸಿ’ ಎಂಬ ಹದಿಹರೆಯದವರ ಟೀವಿ ಧಾರಾವಾಹಿಯಲ್ಲಿ, ಗುಂಡೇಟಿನಿಂದ ಗಾಲಿಕುರ್ಚಿ ಸೇರುವ ವಿದ್ಯಾರ್ಥಿಯ ಪಾತ್ರದಲ್ಲಿ. ಬೀದಿಯ ಕತೆ ಇಲ್ಲದವನು, ನಟ, ಅದರಲ್ಲೂ ಕೆನಡಾದವನು. ಹಳೆಯ ಲೆಕ್ಕದಲ್ಲಿ ಇವನಿಗೆ ರ‍್ಯಾಪ್‌ನಲ್ಲಿ ಜಾಗವೇ ಇರಬಾರದಿತ್ತು.

2009ರ ಫೆಬ್ರವರಿಯಲ್ಲಿ ‘ಸೋ ಫಾರ್ ಗಾನ್’ ಎಂಬ ಮಿಕ್ಸ್‌ಟೇಪನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟ. ಅದೇ ವರ್ಷ ಲಿಲ್ ವೇಯ್ನ್‌ನ ಕಂಪನಿ ಅವನನ್ನು ಸೇರಿಸಿಕೊಂಡಿತು. ಅವನು ರ‍್ಯಾಪ್ ಮಾಡುತ್ತಾ ಮಾಡುತ್ತಾ ಹಾಡಿಗೆ ಜಾರುತ್ತಿದ್ದ. ಬಿಟ್ಟುಹೋದ ಗೆಳತಿ, ರಾತ್ರಿ ಮಾಡಿದ ಫೋನು, ದುಡ್ಡು ಬಂದ ಮೇಲೆ ಬಂದ ಒಂಟಿತನ ಅವನ ವಸ್ತು. ಗೆಳೆಯ ನೋವಾ ‘40’ ಶೆಬಿಬ್ ಅದಕ್ಕೆ ನೀರಿನೊಳಗಿಂದ ಕೇಳಿದಂತಹ ಮಂದ ಸಂಗೀತ ಕೂಡಿಸಿದ. 2011ರ ‘ಟೇಕ್ ಕೇರ್’ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ಅದರಲ್ಲಿ ಆಗಿನ್ನೂ ಹೊಸಬನಾಗಿದ್ದ ಕೆಂಡ್ರಿಕ್ ಲಮಾರ್‌ಗೆ ಒಂದು ತುಣುಕು ಹಾಡಲು ಜಾಗ ಕೊಟ್ಟಿದ್ದ, ಮರುವರ್ಷದ ತನ್ನ ಪ್ರವಾಸಕ್ಕೂ ಅವನನ್ನು ಕರೆದುಕೊಂಡು ಹೋಗಿದ್ದ ಎಂಬುದು ಈ ಕತೆಯ ವಿಚಿತ್ರಗಳಲ್ಲಿ ಒಂದು.

ಅವನ ಆಳ್ವಿಕೆಯನ್ನು ಗಟ್ಟಿ ಮಾಡಿದ್ದು ಮತ್ತೆ ಎಣಿಕೆಯ ಬದಲಾವಣೆಯೇ. 2014ರ ಕೊನೆಯಲ್ಲಿ ಬಿಲ್‌ಬೋರ್ಡ್ ಆಲ್ಬಂ ಪಟ್ಟಿ ಸ್ಟ್ರೀಮಿಂಗನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತು. ಆಲ್ಬಮ್ಮಿನ ಹಾಡುಗಳನ್ನು ಫೋನಿನಲ್ಲಿ 1,500 ಸಲ ಕೇಳಿದರೆ ಒಂದು ಆಲ್ಬಂ ಮಾರಿದ ಹಾಗೆ ಎಂಬುದು ಆಗಿನ ನಿಯಮವಾಗಿತ್ತು. ಆಲ್ಬಮ್ಮಿನಲ್ಲಿ ಹೆಚ್ಚು ಹಾಡುಗಳಿದ್ದಷ್ಟೂ ಒಬ್ಬ ಅಭಿಮಾನಿ ಒಂದು ಸಲ ಪೂರ್ತಿ ಕೇಳಿದಾಗ ಹೆಚ್ಚು ಎಣಿಕೆ ಬೀಳುತ್ತದೆ. ಡ್ರೇಕ್‌ನ 2018ರ ‘ಸ್ಕಾರ್ಪಿಯನ್’ನಲ್ಲಿ 25 ಹಾಡುಗಳಿದ್ದವು. ಒಂದೇ ವಾರದಲ್ಲಿ ಜಗತ್ತಿನಾದ್ಯಂತ 100 ಕೋಟಿ ಸಲ ಕೇಳಿಸಿಕೊಂಡ ಮೊದಲ ಆಲ್ಬಂ ಅದು. ಆ ವರ್ಷ ಅವನ ಮೂರು ಹಾಡುಗಳು ಸೇರಿ 29 ವಾರ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿಯಲ್ಲಿದ್ದವು. 2021ರಲ್ಲಿ ‘ಸರ್ಟಿಫೈಡ್ ಲವರ್ ಬಾಯ್’ ಬಂದಾಗ ಮೊದಲ ಹತ್ತು ಹಾಡುಗಳಲ್ಲಿ ಒಂಬತ್ತು ಅವನವೇ.

ಅವನಿಗೆ ಇನ್ನೊಂದು ವಿದ್ಯೆಯೂ ಸಿದ್ಧಿಸಿತ್ತು. ಎಲ್ಲಿ ಹೊಸ ತಾಳ ಹುಟ್ಟಿದರೂ ಅಲ್ಲಿಗೆ ಹೋಗಿ ಅದನ್ನು ತನ್ನದಾಗಿಸಿಕೊಳ್ಳುತ್ತಿದ್ದ. 2016ರ ‘ಒನ್ ಡ್ಯಾನ್ಸ್’ ಹಾಡಿನಲ್ಲಿ ನೈಜೀರಿಯದ ವಿಜ್‌ಕಿಡ್ ಇದ್ದಾನೆ. ಇನ್ನೊಂದೆಡೆ ಜಮೈಕಾದ ಡ್ಯಾನ್ಸ್‌ಹಾಲ್, ಮತ್ತೊಂದೆಡೆ ಲಂಡನ್ನಿನ ಗ್ರೈಮ್, ನ್ಯೂ ಆರ್ಲಿನ್ಸ್‌ನ ಬೌನ್ಸ್. ಮೆಚ್ಚುವವರು ಇದನ್ನು ಕಿವಿಯ ಔದಾರ್ಯ ಎಂದರು. ಮೆಚ್ಚದವರು ಕಂಡವರ ಹೊಲದಲ್ಲಿ ಕೊಯ್ಲು ಮಾಡುವುದು ಎಂದರು. ಹಾಡುಗಳು ಗೆಲ್ಲುತ್ತಿದ್ದಷ್ಟು ಕಾಲ ಎರಡನೆಯ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ನಡುವೆ ಅವನಿಗೆ ಪೆಟ್ಟುಗಳು ಬೀಳದೇ ಇರಲಿಲ್ಲ. 2015ರಲ್ಲಿ ಮೀಕ್ ಮಿಲ್ ಎಂಬ ರ‍್ಯಾಪರ್, ಡ್ರೇಕ್ ತನ್ನ ಸಾಲುಗಳನ್ನು ತಾನೇ ಬರೆಯುವುದಿಲ್ಲ ಎಂದು ದೂರಿದ. ಹಳೆಯ ಕಾಲದಲ್ಲಾದರೆ ಅಷ್ಟೇ ಸಾಕಿತ್ತು. ಡ್ರೇಕ್ ಎರಡು ಚುರುಕು ಹಾಡು ಬಿಟ್ಟು ಅವನನ್ನೇ ನಗೆಪಾಟಲು ಮಾಡಿದ. 2018ರಲ್ಲಿ ಪುಶಾ ಟಿ, ಡ್ರೇಕ್‌ಗೆ ಒಬ್ಬ ಮಗನಿದ್ದಾನೆ ಎಂಬ ಗುಟ್ಟನ್ನು ಹಾಡಿನಲ್ಲಿ ಬಯಲು ಮಾಡಿದ. ಆ ಸುತ್ತಿನಲ್ಲಿ ಡ್ರೇಕ್ ಸೋತ ಎಂದೇ ಬಹುತೇಕರ ಅಭಿಪ್ರಾಯ. ಆದರೆ ಒಂದು ತಿಂಗಳ ನಂತರ ಬಂದ ‘ಸ್ಕಾರ್ಪಿಯನ್’ ದಾಖಲೆಗಳನ್ನು ಮುರಿಯಿತು. ಸೋಲನ್ನು ಸಂಖ್ಯೆಯಿಂದ ಮುಚ್ಚಬಹುದು ಎಂಬ ಪಾಠ ಅವನಿಗೆ ಅಲ್ಲೇ ಸಿಕ್ಕಿರಬೇಕು.

2024ರ ಬೇಸಿಗೆ

2023ರ ಅಕ್ಟೋಬರ್‌ನಲ್ಲಿ ಡ್ರೇಕ್‌ನ ಆಲ್ಬಮ್ಮಿನ ಒಂದು ಹಾಡಿನಲ್ಲಿ ಜೆ. ಕೋಲ್ ಎಂಬ ರ‍್ಯಾಪರ್, ತಾನು, ಡ್ರೇಕ್, ಕೆಂಡ್ರಿಕ್ ಮೂವರೇ ದೊಡ್ಡವರು ಎಂಬರ್ಥದ ಮಾತು ಹೇಳಿದ. ಹೊಗಳಿಕೆಯಂತೆ ಕೇಳಿಸುವ ಮಾತು. 2024ರ ಮಾರ್ಚ್ 22ರಂದು ಬಂದ ‘ಲೈಕ್ ದಟ್’ ಹಾಡಿನಲ್ಲಿ ಕೆಂಡ್ರಿಕ್, ಮೂವರಿಲ್ಲ, ನಾನೊಬ್ಬನೇ ಎಂದು ಸೆಡ್ಡು ಹೊಡೆದ. ಜೆ. ಕೋಲ್ ಏಪ್ರಿಲ್ 5ರಂದು ಉತ್ತರ ಕೊಟ್ಟು, ಎರಡೇ ದಿನಕ್ಕೆ ತನ್ನದೇ ಉತ್ಸವದ ವೇದಿಕೆಯಲ್ಲಿ ಕ್ಷಮೆ ಕೇಳಿ ಹಿಂದೆ ಸರಿದ. ಆಗ ಜನ ನಕ್ಕರು. ಮುಂದಿನದನ್ನು ನೋಡಿದ ಮೇಲೆ ಅವನೇ ಬುದ್ಧಿವಂತ ಎಂದರು.

ಡ್ರೇಕ್ ಏಪ್ರಿಲ್‌ನಲ್ಲಿ ಎರಡು ಹಾಡು ಬಿಟ್ಟ. ಒಂದರಲ್ಲಿ ಕೃತಕ ಬುದ್ಧಿಮತ್ತೆಯಿಂದ ಟುಪಾಕ್‌ನ ದನಿ ತಯಾರಿಸಿ ಬಳಸಿದ. ಸತ್ತವನ ದನಿಯನ್ನು ಜಗಳಕ್ಕೆ ಎಳೆದದ್ದಕ್ಕೆ ಟುಪಾಕ್ ಆಸ್ತಿಯ ವಾರಸುದಾರರು ಕಾನೂನು ನೋಟಿಸ್ ಕಳಿಸಿದರು, ಹಾಡನ್ನು ಹಿಂತೆಗೆಯಬೇಕಾಯಿತು. ಏಪ್ರಿಲ್ 30ರಿಂದ ಮೇ 5ರವರೆಗಿನ ಆರು ದಿನಗಳಲ್ಲಿ ಎರಡೂ ಕಡೆಯಿಂದ ಹಾಡಿನ ಮೇಲೆ ಹಾಡು. ಡ್ರೇಕ್‌ನ ‘ಫ್ಯಾಮಿಲಿ ಮ್ಯಾಟರ್ಸ್’ ಬಂದು ಒಂದು ಗಂಟೆಯೂ ಆಗುವ ಮುನ್ನ ಕೆಂಡ್ರಿಕ್‌ನ ‘ಮೀಟ್ ದ ಗ್ರಹಾಮ್ಸ್’ ಬಂತು. ಮರುದಿನ ‘ನಾಟ್ ಲೈಕ್ ಅಸ್’.

ಈ ಹಾಡುಗಳಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಮಾಡಿದ ಆರೋಪಗಳು ಘೋರವಾದವು. ಇಬ್ಬರೂ ಅವನ್ನು ತಳ್ಳಿಹಾಕಿದ್ದಾರೆ. ನಾವು ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪ್ರಾಸಕ್ಕೆ ಸಿಕ್ಕಿದ್ದೆಲ್ಲ ಸಾಕ್ಷ್ಯವಾಗುವುದಿಲ್ಲ. ಮೇ 7ರಂದು ಟೊರಾಂಟೊದಲ್ಲಿ ಡ್ರೇಕ್ ಮನೆಯ ಹೊರಗೆ ಗುಂಡಿನ ದಾಳಿ ನಡೆದು ಕಾವಲುಗಾರನೊಬ್ಬ ತೀವ್ರವಾಗಿ ಗಾಯಗೊಂಡ. ಅದಕ್ಕೂ ಹಾಡಿಗೂ ನಂಟು ಕಟ್ಟುವ ಅಧಿಕಾರ ನಮಗಿಲ್ಲ. ಆದರೆ ಆ ಬೆಳಿಗ್ಗೆ 1996, 1997ನ್ನು ನೆನೆಯದ ಹಿಪ್‌ಹಾಪ್ ಅಭಿಮಾನಿ ಇರಲಾರ. ನಾವು ಸಿಳ್ಳೆ ಹೊಡೆದು ನೋಡುತ್ತಿದ್ದ ಜಗಳದ ಬಾಗಿಲಲ್ಲಿ ಸಂಬಳಕ್ಕೆ ನಿಂತವನೊಬ್ಬನಿದ್ದ ಎಂಬುದು ಆಗ ನೆನಪಾಯಿತು.

‘ನಾಟ್ ಲೈಕ್ ಅಸ್’ ಗೆದ್ದದ್ದಕ್ಕೆ ಆರೋಪವಷ್ಟೇ ಕಾರಣವಲ್ಲ. ಅದು ಕುಣಿಯಬಹುದಾದ ಹಾಡು. ಜನರನ್ನು ಕುಣಿಸುವುದು ಡ್ರೇಕ್‌ನ ಸ್ವಂತ ಆಯುಧವಾಗಿತ್ತು, ಅದನ್ನೇ ಕಿತ್ತುಕೊಂಡು ಅವನ ಮೇಲೆ ಪ್ರಯೋಗಿಸಲಾಯಿತು. ಜೊತೆಗೆ ಹಾಡಿನ ಕೊನೆಯ ಭಾಗದಲ್ಲಿ ಕೆಂಡ್ರಿಕ್ ಅಟ್ಲಾಂಟಾ ನಗರದ ಗುಲಾಮಗಿರಿಯ ಇತಿಹಾಸ ತೆಗೆದು, ಅಲ್ಲಿನ ಕಲಾವಿದರ ಹತ್ತಿರ ಡ್ರೇಕ್ ಹೋದದ್ದು ಗೆಳೆತನಕ್ಕಲ್ಲ, ವ್ಯಾಪಾರಕ್ಕೆ ಎಂದು ವಾದಿಸಿದ. ಇಷ್ಟು ವರ್ಷ ಔದಾರ್ಯದಂತೆ ಕಂಡದ್ದು ಒಂದೇ ವಾರದಲ್ಲಿ ಸುಲಿಗೆಯಂತೆ ಕಾಣತೊಡಗಿತು. ನೀನು ನಮ್ಮವನಲ್ಲ ಎಂಬುದೇ ಆ ಹಾಡಿನ ಒಟ್ಟು ಸಾರ. 1981ರಲ್ಲಿ ಕೂಲ್ ಮೋ ಡೀ ಎತ್ತಿದ ಪ್ರಶ್ನೆಯೇ ಮತ್ತೆ ಬಂದಿತ್ತು. ಜನರನ್ನು ಕೂಗಿಸುವವನು ದೊಡ್ಡವನೋ, ಮಾತನ್ನು ಬಲ್ಲವನು ದೊಡ್ಡವನೋ? ಈ ಸಲ ಮಾತು ಬಲ್ಲವನು ಜನರನ್ನೂ ಕೂಗಿಸಿಬಿಟ್ಟ.

ಮಾನ ಹೋಯಿತು, ಬೊಕ್ಕಸ ಉಳಿಯಿತು

ಆಮೇಲಿನದು ಬಲ್ಲ ಸಂಗತಿ. 2025ರ ಫೆಬ್ರವರಿ 2ರಂದು ಆ ಹಾಡಿಗೆ ಐದು ಗ್ರ್ಯಾಮಿ. ಒಂದು ವಾರದ ನಂತರ ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವಿನ ಕಾರ್ಯಕ್ರಮದಲ್ಲಿ ಕೆಂಡ್ರಿಕ್ ಅದನ್ನು ಹಾಡಿದಾಗ ನೋಡಿದವರು 13 ಕೋಟಿಗೂ ಹೆಚ್ಚು. ಡ್ರೇಕ್ ಜನವರಿಯಲ್ಲಿ ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ್ದ. ಇಬ್ಬರ ಹಾಡುಗಳನ್ನೂ ಮಾರುವ ಕಂಪನಿ ಅದು. ಅಕ್ಟೋಬರ್‌ನಲ್ಲಿ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ಕಾವೇರಿದ ರ‍್ಯಾಪ್ ಜಗಳದಲ್ಲಿ ಆಡಿದ ಮಾತನ್ನು ಕೇಳುಗರು ಖಚಿತ ಸಂಗತಿಯೆಂದು ತೆಗೆದುಕೊಳ್ಳುವುದಿಲ್ಲ, ಅದು ಅಭಿಪ್ರಾಯ ಎಂಬುದು ತೀರ್ಪಿನ ಒಟ್ಟು ಅರ್ಥ. ಡ್ರೇಕ್ ಮೇಲ್ಮನವಿ ಹಾಕಿದ. ಕಾನೂನಿನ ಕಣ್ಣಲ್ಲಿ ಅವನಿಗೆ ಆ ಹಕ್ಕು ಪೂರ್ತಿ ಇದೆ. ಅಂಥ ಆರೋಪ ಹೊತ್ತ ಯಾವ ಮನುಷ್ಯನೂ ಸುಮ್ಮನೆ ಕೂರಲಾರ. ಆದರೆ ಅಖಾಡದ ಕಣ್ಣಲ್ಲಿ, ಕುಸ್ತಿಯಲ್ಲಿ ಬಿದ್ದ ಜಟ್ಟಿ ಎದ್ದು ಕಚೇರಿ ಮೆಟ್ಟಿಲು ಹತ್ತಿದಂತೆ ಅದು ಕಂಡಿತು.

ಈಗ ಇನ್ನೊಂದು ಪುಟ ತಿರುಗಿಸೋಣ. ಸೂಪರ್ ಬೌಲ್ ಆಗಿ ಐದೇ ದಿನಕ್ಕೆ, ಪ್ರೇಮಿಗಳ ದಿನದಂದು, ಪಾರ್ಟಿನೆಕ್ಸ್ಟ್‌ಡೋರ್ ಜೊತೆ ಡ್ರೇಕ್ ಒಂದು ಆಲ್ಬಂ ಬಿಟ್ಟ. ಅದು ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಮೊದಲ ಸ್ಥಾನ ಕಂಡ ಅವನ 14ನೆಯ ಆಲ್ಬಂ ಅದು. ಅದರ ‘ನೋಕಿಯಾ’ ಹಾಡು ಎರಡನೆಯ ಸ್ಥಾನದವರೆಗೆ ಏರಿತು. ಜುಲೈನಲ್ಲಿ ಲಂಡನ್ನಿನ ವೈರ್‌ಲೆಸ್ ಉತ್ಸವದ ಮೂರೂ ರಾತ್ರಿಗಳ ಮುಖ್ಯ ಗಾಯಕ ಅವನೇ. ಸೋತು ಸುಣ್ಣವಾದವನ ಲೆಕ್ಕ ಹೀಗಿರುವುದಿಲ್ಲ.

ಹಾಗಾದರೆ ನಮ್ಮ ಬಳಗದ ಇಬ್ಬರಲ್ಲಿ ಯಾರ ಮಾತು ಸರಿ? ನಮಗೆ ತೋರುವುದು ಇಷ್ಟು. ಡ್ರೇಕ್‌ನ ಬದುಕು, ಕೇಳುಗರು, ದುಡ್ಡು ಯಾವುದೂ ಮುಗಿದಿಲ್ಲ. ಮುಗಿದದ್ದು ಅವನ ಆಳ್ವಿಕೆ. 50 ಸೆಂಟ್‌ಗೆ ಆದದ್ದೇ ಇವನಿಗೂ ಆಗಿದೆ, ಕಂಬ ಮಾತ್ರ ಬೇರೆ. ಇಷ್ಟು ಸಂಖ್ಯೆ ಇರುವವನನ್ನು ಯಾರೂ ಏನೂ ಮಾಡಲಾಗದು ಎಂಬುದು ಡ್ರೇಕ್‌ನ ಕಂಬವಾಗಿತ್ತು. 2018ರಲ್ಲಿ ಅದು ಅವನನ್ನು ಕಾಪಾಡಿತು. 2024ರಲ್ಲಿ ಎದುರಾಳಿ ಮಾತಿನಲ್ಲಿ ಗೆದ್ದದ್ದಲ್ಲದೆ ಅವನದೇ ಸಂಖ್ಯೆಯ ಹೊಲಕ್ಕೂ ನುಗ್ಗಿ ಗೆದ್ದ. ಹಾಗಾಗಿ ಮುಚ್ಚಿಕೊಳ್ಳಲು ಬಟ್ಟೆ ಸಾಲಲಿಲ್ಲ.

ಖಾಲಿ ಗಾದಿ

ಹಾಗೆಂದು ಕೆಂಡ್ರಿಕ್ ಆ ಗಾದಿಯ ಮೇಲೆ ಹದಿನೈದು ವರ್ಷ ಕೂರುತ್ತಾನೆ ಎನ್ನಲೂ ನಮಗೆ ಧೈರ್ಯವಿಲ್ಲ. 2025ರ ಅಕ್ಟೋಬರ್ ಕೊನೆಯ ವಾರ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ 40 ಹಾಡುಗಳಲ್ಲಿ ಒಂದೂ ರ‍್ಯಾಪ್ ಹಾಡು ಇರಲಿಲ್ಲ. 1990ರ ನಂತರ ಹೀಗಾದದ್ದು ಅದೇ ಮೊದಲು. ಕೆಂಡ್ರಿಕ್ ಮತ್ತು ಸಿಜಾ ಹಾಡಿದ ‘ಲೂಥರ್’, 13 ವಾರ ಮೊದಲ ಸ್ಥಾನದಲ್ಲಿದ್ದ ಹಾಡು, ಪಟ್ಟಿಯಿಂದ ಇಳಿದಾಗ ಆ ಖಾಲಿತನ ಕಾಣಿಸಿತು. ಹಳೆಯ ಹಾಡುಗಳನ್ನು ಬೇಗ ಇಳಿಸುವಂತೆ ಬಿಲ್‌ಬೋರ್ಡ್ ನಿಯಮ ಬದಲಿಸಿದ್ದೂ ಇದಕ್ಕೆ ಒಂದು ಕಾರಣ. ನೋಡಿ, ಮತ್ತೆ ಎಣಿಕೆಯೇ.

ಇದನ್ನು ರ‍್ಯಾಪ್‌ನ ಸಾವು ಎಂದು ಬರೆದವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಅಮೆರಿಕದ ಒಂದು ಪಟ್ಟಿಯ ತುದಿಯಲ್ಲಿ ಕೂತವನು ಇಡೀ ಜಗತ್ತಿನ ರ‍್ಯಾಪ್‌ಗೆ ದೊರೆ ಎನ್ನುವ ಕಾಲ ಸರಿಯುತ್ತಿರಬಹುದು. ಇದೇ ಜಗಳ ನಡೆದ 2024ರ ಜುಲೈನಲ್ಲಿ, ಕೇರಳದಲ್ಲಿ ಹುಟ್ಟಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು ನಮ್ಮ ಬೆಂಗಳೂರಿನಲ್ಲಿ ವೇದಿಕೆ ಹತ್ತಿದ ಹನುಮಾನ್‌ಕೈಂಡ್ ‘ಬಿಗ್ ಡಾಗ್ಸ್’ ಹಾಡು ಬಿಟ್ಟು ಅದೇ ಹಾಟ್ 100ರಲ್ಲಿ 23ನೆಯ ಸ್ಥಾನದವರೆಗೆ ಹೋದ. ಅವನು ಯಾವ ದೊರೆಯ ಅಪ್ಪಣೆಯನ್ನೂ ಕೇಳಲಿಲ್ಲ. ಪ್ರತಿಯೊಬ್ಬರ ಫೋನೂ ಬೇರೆಬೇರೆ ಹಾಡು ಮುಂದಿಡುವ ಈ ಕಾಲದಲ್ಲಿ ಎಲ್ಲರೂ ಒಪ್ಪುವ ಒಬ್ಬ ದೊರೆ ಮತ್ತೆ ಬರುವುದು ಕಷ್ಟ. ಡ್ರೇಕ್ ಅಂಥವರಲ್ಲಿ ಕೊನೆಯವನಾದರೂ ಆಶ್ಚರ್ಯವಿಲ್ಲ.

ಇಷ್ಟು ದೂರದ ಜಗಳ ನಮಗೇಕೆ ಎಂದು ಕೇಳಬಹುದು. ನಾವು ಹಳ್ಳಿಗಳಿಂದ ಬಂದು ಪತ್ರಿಕೋದ್ಯಮ ಓದಿದವರು. ನಮ್ಮಲ್ಲಿ ಹಲವರು ಈಗ ಕೆಲಸ ಮಾಡುವ ಕಡೆ ಸಂಜೆ ಒಂದು ಪಟ್ಟಿ ಬರುತ್ತದೆ. ಯಾವ ಸುದ್ದಿಯನ್ನು ಎಷ್ಟು ಜನ ಒತ್ತಿದರು ಎಂಬ ಪಟ್ಟಿ. ಕೆರೆ ಒತ್ತುವರಿಯ ಸುದ್ದಿಗೆ ಮೂರು ದಿನ ಅಲೆದವರ ಹೆಸರು ಅದರಲ್ಲಿ ಕೆಳಗಿರುತ್ತದೆ. ಕಚೇರಿಯಲ್ಲೇ ಕೂತು ಯಾರದೋ ಮದುವೆಯ ಫೋಟೊ ಹಾಕಿದವರು ಮೇಲಿರುತ್ತಾರೆ. ಆ ಪಟ್ಟಿ ಸುಳ್ಳಲ್ಲ, ಆದರೆ ಅದೇ ತೀರ್ಪೂ ಅಲ್ಲ. ಇದನ್ನು ನಮಗೆ ನಾವೇ ಹೇಳಿಕೊಳ್ಳುವುದು ಬಹಳ ಕಷ್ಟವಾಗಿದೆ. ಸಂಖ್ಯೆ ಕಡಿಮೆಯಾದ ದಿನ ನಾವೇ ಕಡಿಮೆಯಾದ ಹಾಗೆ ಅನ್ನಿಸುತ್ತದೆ.

ಹಾರ್ಲೆಮ್ ವರ್ಲ್ಡ್‌ನ ಆ ರಾತ್ರಿ ಎಷ್ಟು ಜನ ಸೇರಿದ್ದರೋ, ಫೋರಂನಲ್ಲಿ ಸೇರಿದವರ ಮುಂದೆ ಅದು ಏನೂ ಅಲ್ಲ. ಆ ಕ್ಯಾಸೆಟ್ಟನ್ನು ಯಾವ ಬಿಲ್‌ಬೋರ್ಡೂ ಎಣಿಸಲಿಲ್ಲ. ಆದರೂ ಅಲ್ಲಿ ಯಾರು ಏನು ಹೇಳಿದರು ಎಂಬುದನ್ನು ನಲವತ್ತು ವರ್ಷ ದಾಟಿದ ಮೇಲೂ ಜನ ನೆನಪಿಟ್ಟುಕೊಂಡಿದ್ದಾರೆ. ಡ್ರೇಕ್‌ನ ಹಾಡುಗಳಲ್ಲಿ ಯಾವುದು ಹಾಗೆ ಉಳಿದೀತು ಎಂದು ನಮ್ಮೊಳಗೆ ಮತ್ತೆ ಚರ್ಚೆ ಎದ್ದಿದೆ. ‘ಟೇಕ್ ಕೇರ್’ ಖಂಡಿತ ಉಳಿಯುತ್ತದೆ ಎಂದು ಅವನನ್ನು ಕಂಡರೆ ಆಗದವರೂ ಒಪ್ಪಿದ್ದಾರೆ. ಅದನ್ನು ಮಾಡಿದಾಗ ಅವನಿಗೆ 25 ವರ್ಷ. ಸ್ಟ್ರೀಮಿಂಗ್ ಅಂದರೆ ಏನು ಎಂದು ನಮ್ಮಲ್ಲಿ ಹಲವರಿಗೆ ಆಗಿನ್ನೂ ಗೊತ್ತಿರಲಿಲ್ಲ.